ಮಹಾಂತಮ್ಮನ ಗಂಡ ಮಲಗಿದ ದ್ವೀಪ

ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದ ಮರಿಬಸಪ್ಪ, ಮಿಲ್ಲು ಮುಚ್ಚಿದ ಮೇಲೆ ಮುಂಬಯಿಗೆ ಹೋಗಿ ಸರಕು ಹಡಗಿನ ಎಂಜಿನ್ ಕೋಣೆ ಸೇರಿದ. ಕೆರೆಗಿಂತ ದೊಡ್ಡ ನೀರು ಕಾಣದ ಮನೆತನದವನು ಸಮುದ್ರದ ಪಾಲಾದ ಎಂದು ಓಣಿಯ ಜನ ಆಡಿಕೊಂಡರು. ಅವನ ಹೆಂಡತಿ ಮಹಾಂತಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತ, ಒಬ್ಬಳೇ ಮಗಳು ಭುವನಾಳನ್ನು ಡಿಗ್ರಿ ಓದಿಸುತ್ತ ಅವನ ದಾರಿ ಕಾಯುತ್ತಿದ್ದಳು.

ಹಡಗು ಅಟ್ಲಾಂಟಿಕ್ ಸಮುದ್ರದ ನಟ್ಟನಡುವೆ ಇದ್ದಾಗ ಅವನಿಗೆ ಎದೆನೋವು ಬಂತು. ಹತ್ತಿರದ ಒಂದು ದ್ವೀಪದಲ್ಲಿ ಇಳಿಸಿದರು. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಜೀವ ಹೋಯಿತು. ಶವ ತರಿಸುವುದು ತಿಂಗಳುಗಟ್ಟಲೆಯ ಮಾತು ಎಂದು ಕಂಪನಿಯವರು ಫೋನಿನಲ್ಲಿ ಹೇಳಿದಾಗ, ಮರಿಬಸಪ್ಪನ ತಮ್ಮ ತಿಪ್ಪೇಶ, ಅಲ್ಲೇ ಮಣ್ಣು ಮಾಡಿರಿ ಎಂದುಬಿಟ್ಟ. ನಾಲ್ಕು ದಿನ ಬಿಟ್ಟು ಮೊಬೈಲಿಗೊಂದು ಫೋಟೋ ಬಂತು. ಹಸಿರು ಗುಡ್ಡ, ಹೊಸ ಮಣ್ಣು, ಕುಣಿಗೆ ಇಳಿಯುತ್ತಿರುವ ಉದ್ದನೆಯ ಪೆಟ್ಟಿಗೆ.

ಮಹಾಂತಮ್ಮನ ಕಣ್ಣು ಆ ಉದ್ದದ ಮೇಲೆ ನಿಂತಿತು. ಅವರ ಮನೆತನದಲ್ಲಿ ಸತ್ತವರನ್ನು ಕುಳ್ಳಿರಿಸಿ, ಕೊರಳಲ್ಲಿದ್ದ ಲಿಂಗವನ್ನು ಎಡಗೈಲಿಟ್ಟು, ವಿಭೂತಿಯ ನಡುವೆ ಮಣ್ಣು ಕೊಡುವುದು ರೂಢಿ.

"ಮಲಗಿಸ್ಯಾರ," ಎಂದಳು. ಅತ್ತದ್ದು ಆಮೇಲೆ.

ಹದಿನೈದು ದಿನದ ಮೇಲೆ, ಮಟಮಟ ಮಧ್ಯಾಹ್ನ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಮೊದಲ ಸಲ ಗಂಡನ ಧ್ವನಿ ಕೇಳಿಸಿತು. ಬೆನ್ನ ಹಿಂದೆ, ನೀರಿನ ಹರಿವಿ ಇಟ್ಟ ಮೂಲೆಯಿಂದ.

"ಮಹಾಂತೀ, ಮಲಗಿ ಮಲಗಿ ಬೆನ್ನು ನೋಯಾಕತ್ತೈತಿ. ಎಬ್ಬಿಸಿ ಕೂಡ್ಸು."

ತಿರುಗಿದರೆ ಯಾರೂ ಇಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಕರಕಲಾಗಿತ್ತು. ಮಠದ ಅಯ್ಯನೋರನ್ನು ಕರೆಸಿ ಮಾಡಬೇಕಾದದ್ದೆಲ್ಲ ಮಾಡಿಸಿದಳು. ಧ್ವನಿ ನಿಲ್ಲಲಿಲ್ಲ. ಬಡಿಯುವ ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಮತ್ತೆ ಬಡಿದರೆ ಮತ್ತೆ ಶುರು. ಒಂದು ದಿನ ಭುವನಾ ಒಳಗೆ ಬಂದಾಗ ತಾಯಿ ಯಾರೂ ಇಲ್ಲದ ಆ ಮೂಲೆಗೆ ಬೆನ್ನು ಕೊಟ್ಟು, "ಬರ್ತೀನ್ರಿ, ತಡಕೊಳ್ರಿ," ಎನ್ನುತ್ತಿದ್ದಳು.

"ಅತ್ತಿಗೀ, ಅದೇನು ಎಮ್ಮಿಗನೂರು ಬಸ್ಸೇನು, ಏರಿ ಕುಂತ್ರೆ ಇಳಿಯಾಕ?" ಎಂದ ತಿಪ್ಪೇಶ, ಆ ದ್ವೀಪಕ್ಕೆ ಹೋಗುತ್ತೇನೆಂದು ಮಹಾಂತಮ್ಮ ಹೇಳಿದಾಗ.

ಅವನ ಮಾತು ಸುಳ್ಳಾಗಿರಲಿಲ್ಲ. ಆ ದ್ವೀಪ ಬ್ರಿಟನ್ನಿಗೆ ಸೇರಿದ್ದು, ಆದರೆ ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲ. ದ್ವೀಪದ ಸರ್ಕಾರವೇ ಬೇರೆ ಅನುಮತಿ ಕೊಡಬೇಕು. ವಾರಕ್ಕೊಂದು ವಿಮಾನ, ಅದೂ ದಕ್ಷಿಣ ಆಫ್ರಿಕಾದಿಂದ; ಅಲ್ಲಿ ಒಂದು ರಾತ್ರಿ ಕಳೆಯಲು ಆ ದೇಶದ ವೀಸಾ ಬೇರೆ. ಹೋಗುವ ಮೊದಲೇ ವಾಪಸಿನ ಟಿಕೆಟ್ಟು ತೋರಿಸಬೇಕು, ಉಳಿಯುವ ಮನೆ ಗೊತ್ತುಮಾಡಿರಬೇಕು, ಅಲ್ಲಿ ಜಡ್ಡು ಬಿದ್ದರೆ ವಿಮಾನದಲ್ಲಿ ಹೊರಗೆ ಸಾಗಿಸುವ ವಿಮೆ ಇರಬೇಕು. ಭುವನಾ ಇದನ್ನು ಓದಿ ಹೇಳಿದಾಗ ಮಹಾಂತಮ್ಮ, "ಅವರನ್ನ ಹೊರಗ ಸಾಗ್ಸಾಕ ಯಾವ ವಿಮಾನಾನೂ ಬರಲಿಲ್ಲಲ್ಲ," ಎಂದಳು.

ಕಂಪನಿ ಕೊಟ್ಟ ಪರಿಹಾರವನ್ನು ಅವಳು ಇದಕ್ಕೇ ಎತ್ತಿಟ್ಟಿದ್ದಳು. ಕರ್ನೂಲಿಗೆ ಹೋಗಿ ಪಾಸ್‌ಪೋರ್ಟು ಮಾಡಿಸಿದಳು. ಅರ್ಜಿ ತುಂಬುವಾಗ ಮಗಳು ಕೇಳಿದಳು, "ಅವ್ವಾ, ಯಾತಕ್ಕ ಹೊಂಟೀರಿ ಅಂತ ಕೇಳ್ಯಾರ."

"ಇದ್ದದ್ದು ಬರಿ. ಮಲಗಿಸಿದ ಗಂಡನ್ನ ಎಬ್ಬಿಸಿ ಕೂಡ್ಸಾಕ."

ಭುವನಾ ಹಾಗೆಯೇ ಬರೆದಳು. ಅರ್ಜಿ ತಿರಸ್ಕಾರವಾಯಿತು. ಹೂತ ದೇಹ ಹೊರತೆಗೆಯಲು ಅಲ್ಲಿನ ಕಾನೂನಿನಲ್ಲಿ ಬೇರೆಯೇ ಅಪ್ಪಣೆ ಬೇಕು, ಅದು ಸುಮ್ಮನೆ ಸಿಗುವುದಲ್ಲ, ಸಂದರ್ಶಕರಿಗೆ ಆ ಹಕ್ಕಿಲ್ಲ ಎಂದು ಉತ್ತರ ಬಂತು. ಮಹಾಂತಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಹಿಟ್ಟು ನಾದಿ ಕುಳಿತವಳು, ಧ್ವನಿ ಬರುವ ಮೊದಲೇ ಮಗಳನ್ನು ಕರೆದು, "ಸಮಾಧಿ ನೋಡಾಕ ಅಂತ ಬರಿ," ಎಂದಳು. ಅನುಮತಿ ಬಂತು. ಇಬ್ಬರಿಗಾಗುವಷ್ಟು ದುಡ್ಡಿರಲಿಲ್ಲ, ಒಬ್ಬಳೇ ಹೊರಟಳು. ಭುವನಾ ಮೊಬೈಲಿನಲ್ಲಿ ಮಾತು ತರ್ಜುಮೆ ಮಾಡುವುದನ್ನು ಕಲಿಸಿಕೊಟ್ಟಳು.

ಸಮುದ್ರದ ಮೇಲೆ ವಿಮಾನ ದ್ವೀಪದ ಹತ್ತಿರಕ್ಕೆ ತಗ್ಗಿ, ಗಾಳಿ ಹೆಚ್ಚಾಗಿ ಮತ್ತೆ ಮೇಲೇರಿತು. ಕಿಟಕಿಯಲ್ಲಿ ಕರಿಬಂಡೆಯ ದಡ ಕಂಡು ಮರೆಯಾಯಿತು. ಪಕ್ಕದವರು ಗಾಳಿಯನ್ನು ಬೈದರು. ಮಹಾಂತಮ್ಮನಿಗೆ ಮಾತ್ರ ಅದು ಗಾಳಿ ಅನ್ನಿಸಲಿಲ್ಲ. ಸುಳ್ಳು ಬರೆಸಿ ಬಂದೆಯಲ್ಲ ಎಂದು ಗಂಡನೇ ಬಾಗಿಲು ಹಾಕಿದ ಅನ್ನಿಸಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ತಪ್ಪಾತ್ರಿ, ಇಳಿಯಾಕ ಬಿಡ್ರಿ," ಎಂದಳು. ಎರಡನೆಯ ಸಲಕ್ಕೆ ಚಕ್ರ ನೆಲ ಮುಟ್ಟಿತು.

ಹೊರಗಿನ ಗಿಡಗಂಟೆ, ಬೀಜ, ಮಣ್ಣು ಯಾವುದೂ ದ್ವೀಪದೊಳಗೆ ಬರುವಂತಿಲ್ಲ. ಚೀಲದಲ್ಲಿದ್ದ ಬಿಲ್ವಪತ್ರೆಯನ್ನು ಅಧಿಕಾರಿ ಹೆಂಗಸು ತೆಗೆದುಕೊಂಡಳು. ವಿಭೂತಿಗಟ್ಟಿಯನ್ನು ಉಜ್ಜಿ ನೋಡಿ, ಬೂದಿ ತಾನೇ ಎಂದು ಬಿಟ್ಟಳು.

ಅವಳು ಇಳಿದುಕೊಂಡ ಮನೆಯೊಡತಿ ಮಾರ್ಥಾ ಕಾರಿನಲ್ಲಿ ಗುಡ್ಡದ ಮೇಲಕ್ಕೆ ಕರೆದೊಯ್ದಳು. ಮಂಜು ಕವಿದಿತ್ತು. ಮರದ ಫಲಕದ ಮೇಲೆ ಅವನ ಹೆಸರು, ಒಂದಕ್ಷರ ತಪ್ಪಾಗಿ. ಮಹಾಂತಮ್ಮ ವಿಭೂತಿ ಪುಡಿ ಮಾಡಿ ತಲೆಯಿಂದ ಕಾಲಿನವರೆಗೆ ಉದುರಿಸಿದಳು. ಉದುರಿಸುತ್ತ ಹೋದಂತೆ ಅವನ ಉದ್ದವೆಲ್ಲ ಬೆಳ್ಳಗೆ ನೆಲದ ಮೇಲೆ ಎದ್ದು ಕಂಡಿತು. ತಲೆಯ ಕಡೆ ನೆಲಕ್ಕೆ ಕಿವಿಯಿಟ್ಟಳು.

"ಎಬ್ಸಾಕ ಬಿಡವಲ್ರು," ಎಂದಳು. "ನಾ ಬಂದೀನಿ."

ಮಂಜಿನಲ್ಲಿ ಸೆರಗು ತೊಯ್ಯುವವರೆಗೆ ಕಿವಿಯನ್ನು ಅಲ್ಲೇ ಇಟ್ಟಿದ್ದಳು.

ಮರುದಿನ ಮಾರ್ಥಾ ಆಸ್ಪತ್ರೆಯ ನರ್ಸನ್ನು ಮನೆಗೆ ಕರೆತಂದಳು. ಕೊನೆಗಾಲದಲ್ಲಿ ಮರಿಬಸಪ್ಪನ ಬಳಿ ಇದ್ದವಳು. ಅವಳ ಮಾತನ್ನು ಮೊಬೈಲು ಒಡ್ಡೊಡ್ಡಾಗಿ ಕನ್ನಡಕ್ಕೆ ತಿರುಗಿಸಿತು: ಕೊರಳಿನ ಬೆಳ್ಳಿ ಡಬ್ಬಿಯನ್ನು ಅವನೇ ಬಿಚ್ಚಿ, ಒಳಗಿನ ಕರಿಕಲ್ಲು ತೆಗೆದು ಹಿಡಿದುಕೊಂಡಿದ್ದ. ಮುಷ್ಟಿ ಬಿಡಿಸಲು ಮನಸ್ಸಾಗದೆ ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟರು.

ಮಹಾಂತಮ್ಮ ನರ್ಸಿನ ಮೊಣಕೈ ಹಿಡಿದಳು. "ಯಾವ ಕೈ?"

ನರ್ಸು ಎಡಗೈ ಎತ್ತಿದಳು. ಆಮೇಲೆ ಹುಬ್ಬು ಗಂಟಿಕ್ಕಿ, ತಾನು ಎದುರಿಗೆ ನಿಂತಿದ್ದೆ ಎಂದು ಬಲಗೈ ಎತ್ತಿದಳು. ಕೊನೆಗೆ ಎರಡೂ ಕೈ ಇಳಿಸಿ, ನೆನಪಾಗುತ್ತಿಲ್ಲ, ಕ್ಷಮಿಸು ಎಂದಳು.

ವಾರ ಮುಗಿಯುವವರೆಗೆ ಮಹಾಂತಮ್ಮ ದಿನವೂ ಗುಡ್ಡ ಹತ್ತಿದಳು. ಸಮಾಧಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ, ಅವನ ಬದಲು ತಾನು ಎಂಬಂತೆ, ಪದ್ಮಾಸನದಲ್ಲಿ ಕೂತಳು. ವಾಪಸಿನ ದಿನ ಒಂದು ಹಿಡಿ ಮಣ್ಣು ತೆಗೆದವಳು, ಮಣ್ಣು ಒಯ್ಯಲು ಅಪ್ಪಣೆ ಬೇಕೆಂದು ಮಾರ್ಥಾ ಹೇಳಿದಾಗ ಅಲ್ಲೇ ಸುರಿದಳು.

ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟಿಗೆ ಮುದ್ರೆ ಹಾಕುತ್ತ ಒಬ್ಬಳೇನಾ ಎಂದು ಬೆರಳು ತೋರಿಸಿ ಕೇಳಿದ. ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು.

"ಹೂಂ, ಒಬ್ಬಾಕಿನ," ಎಂದಳು. ಗಂಡ ಸತ್ತ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಆದೋನಿಗೆ ಬಂದ ಮೇಲೆ ಧ್ವನಿ ಕೇಳಿಸಿಲ್ಲ. ಅವನಿಗೆ ನೆಮ್ಮದಿಯಾಯಿತು ಎಂದು ತಿಪ್ಪೇಶ ಹೇಳುತ್ತಾನೆ, ಓಣಿಯವರೂ ಹೇಳುತ್ತಾರೆ. ಮಹಾಂತಮ್ಮ ತಲೆಯಾಡಿಸುತ್ತಾಳೆ. ಈಗ ಪಾಸ್‌ಪೋರ್ಟು ಮಾಡಿಸುವ ಬಗೆ ಕೇಳಲು ಚಿಪ್ಪಗಿರಿ, ದೇವನಕೊಂಡದ ಕಡೆಯ ಜನವೂ ಅವಳ ಮನೆಗೆ ಬರುವುದುಂಟು. ಗೊತ್ತಿದ್ದಷ್ಟು ಹೇಳಿ ಕಳಿಸುತ್ತಾಳೆ. ಅವರು ಹೋದ ಮೇಲೆ, ನಡುಮಧ್ಯಾಹ್ನ, ಒಮ್ಮೊಮ್ಮೆ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು, ಒಂದನ್ನು ನೋಡಿ ಇನ್ನೊಂದನ್ನು ನೋಡುತ್ತ ಕೂತಿರುತ್ತಾಳೆ.