ರೀಗಾದವರು ಜೋರಾಗಿ ಮಾತಾಡ್ತಾರಾ?

ಅಂಕಲ್ ಅವರ ಎಡಗಿವಿಗೆ ಮೇಲಿನ ತುದಿ ಇರಲಿಲ್ಲ. ನ್ಯೂಜೆರ್ಸಿಯ ಮೆಟುಚೆನ್ ಸ್ಟೇಷನ್ನಿನಲ್ಲಿ ಏಳೂಹತ್ತರ ಟ್ರೈನಿಗೆ ಕಾಯುವಾಗ ನಾನು ಅದನ್ನು ಕದ್ದು ನೋಡುತ್ತಿದ್ದೆ. ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕ ಕಂಡು ಅವರೇ ಮಾತಿಗಿಳಿದರು: “ರೀಗಾ ಬಂದರಲ್ಲಿ ಬಿಟ್ಟು ಬಂದೆ ಕಣಮ್ಮ. ಟೋಪಿ ಹಾಕ್ಕೊಳ್ದೆ ಐಸ್ ಒಡೆಯೋ ಹಡಗು ನೋಡ್ತಾ ನಿಂತುಬಿಟ್ಟಿದ್ದೆ, ಚಳಿಗೆ ಕಿವಿತುದಿ ಸತ್ತೇಹೋಯ್ತು.”

ಅವರು ಮೈಸೂರಿನ ಮಂಡಿ ಮೊಹಲ್ಲಾದವರು. ಸೋವಿಯತ್ ಕಾಲದಲ್ಲಿ ಸ್ಕಾಲರ್‌ಶಿಪ್ ಮೇಲೆ ರೀಗಾದಲ್ಲಿ ಎಂಜಿನಿಯರಿಂಗ್ ಓದಿ, ಸುತ್ತಿ ಬಳಸಿ ನ್ಯೂಜೆರ್ಸಿ ಸೇರಿದವರು. ಬಾಲ್ಟಿಕ್ ಸಮುದ್ರದಂಚಿನ ಆ ಊರನ್ನು, ಲಾಟ್ವಿಯಾದ ಆ ರಾಜಧಾನಿಯನ್ನು, ಅವರಷ್ಟು ಹಚ್ಚಿಕೊಂಡವರನ್ನು ನಾನು ಕಾಣೆ. ಮ್ಯಾನ್‌ಹಟನ್ ಬರುವಷ್ಟರಲ್ಲಿ ಅದರ ಎಂಟುನೂರು ವರ್ಷದ ಚರಿತ್ರೆ ಮುಗಿಸುತ್ತಿದ್ದರು. “ಜರ್ಮನ್ ವ್ಯಾಪಾರಿಗಳು ಕಟ್ಟಿದ್ರು, ಸ್ವೀಡನ್ನಿನವರು ಕಿತ್ಕೊಂಡ್ರು, ರಷ್ಯದವರು ಬಂದು ಕೂತ್ರು. ಊರಿನವರು ಮಾತ್ರ ಯಾವಾಗ್ಲೂ ಬಾಡಿಗೆದಾರರು.” ಟ್ರೈನ್ ಲೇಟಾದರೆ ನಮಗೆಲ್ಲ ಸಿಟ್ಟು, ಅವರಿಗೆ ಖುಷಿ. ಇನ್ನೊಂದು ಶತಮಾನ ಹೇಳಬಹುದಲ್ಲ!

ಹಾಸ್ಟೆಲಿನ ಬಾಗಿಲು ಕಾಯುತ್ತಿದ್ದ ಲಾಟ್ವಿಯಾದ ಹೆಂಗಸೊಬ್ಬರು ಅವರಿಗೆ ಕಪ್ಪು ಬ್ರೆಡ್ ಕೊಟ್ಟು, ತಮ್ಮ ಭಾಷೆ ಕಲಿಸಿದ್ದರಂತೆ. ಎಲ್ಲವೂ ಪಿಸುಮಾತಿನಲ್ಲೇ. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳವಾದರೆ ಆಕೆ ತಟ್ಟನೆ ರಷ್ಯನ್ನಿಗೆ ಹೊರಳುತ್ತಿದ್ದರಂತೆ. “ಅವರ ಊರಲ್ಲೇ ಅವರ ಮಾತು ಮೆಲ್ಲಗೆ ಆಡ್ಬೇಕಾಗಿತ್ತು, ನೋಡು,” ಎನ್ನುತ್ತಿದ್ದರು ಅಂಕಲ್. ಲಾಟ್ವಿಯಾ ಸ್ವತಂತ್ರವಾದ ಮೇಲೆ ಹೋಗಿ ನೋಡುವ ಆಸೆ ಅವರಿಗೆ. ಮೊದಲು ಮಕ್ಕಳ ಕಾಲೇಜು ಅಡ್ಡ ಬಂತು, ಆಮೇಲೆ ಹೃದಯ. ವಿಮಾನ ಹತ್ತಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಹೋದ ವರ್ಷ ಆಫೀಸಿನವರು ನನ್ನನ್ನು ಒಂದು ವಾರ ರೀಗಾಕ್ಕೆ ಕಳಿಸಿದರು. ಅದರ ಮುಂದಿನ ವಾರವೇ ಅಂಕಲ್ ಆಪರೇಷನ್. ನಾನು ಉತ್ಸಾಹದಿಂದ ವಿಡಿಯೋ ಕಾಲ್ ಮಾಡಿ ಚರ್ಚಿನ ಗೋಪುರ, ಕಲ್ಲುಹಾಸಿನ ಬೀದಿ ತೋರಿಸತೊಡಗಿದೆ. ಅವರು ರೇಗಿದರು. “ಕಲ್ಲು ತೋರಿಸ್ಬೇಡಮ್ಮ, ಕಲ್ಲು ಎಲ್ಲೂ ಹೋಗಲ್ಲ. ಜನರ ಹತ್ರ ಹೋಗು. ಜೋರಾಗಿ ಮಾತಾಡ್ತಾರಾ, ಕೇಳಿಸು.”

ಒಂದು ಕಾಲಕ್ಕೆ ಅನಿಲ ತುಂಬಿದ ಬಲೂನಿನಂಥ ಭಾರೀ ವಾಯುನೌಕೆಗಳನ್ನು ನಿಲ್ಲಿಸಲು ಕಟ್ಟಿದ್ದ ಶೆಡ್ಡುಗಳಲ್ಲಿ ಈಗ ಅಲ್ಲಿನ ದೊಡ್ಡ ಮಾರ್ಕೆಟ್ ಇದೆ. ಅಲ್ಲಿಗೆ ಹೋದೆ. ಕೂದಲಿಗೆ ನೇರಳೆ ಬಣ್ಣ ಹಚ್ಚಿದ್ದ ಮೀನಿನಾಕೆ ಗಿರಾಕಿಯೊಂದಿಗೆ ಕೈ ಆಡಿಸಿ ಜಗಳವಾಡುತ್ತಿದ್ದಳು. ಪಕ್ಕದಲ್ಲಿ ಕಾಲೇಜು ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ನಾನು ಫೋನ್ ಎತ್ತಿ ಹಿಡಿದೆ. ಇದ್ದಕ್ಕಿದ್ದಂತೆ ಅಂಕಲ್, “ಲಬ್‌ದಿಯೆನ್!” ಎಂದು ಕೂಗಿ ನಮಸ್ಕಾರ ಹೇಳಿದರು. ಆಕೆ ಜಗಳ ಅರ್ಧಕ್ಕೇ ಬಿಟ್ಟು ಫೋನಿನತ್ತ ಬಗ್ಗಿ, “ಲಬ್‌ದಿಯೆನ್! ಲಬ್‌ದಿಯೆನ್!” ಎಂದು ಅಂಗಡಿಸಾಲೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕಿರುಚಿದಳು. ಆಮೇಲೆ ಇಬ್ಬರೂ ಅದೇನು ಮಾತಾಡಿಕೊಂಡರೋ, ನನಗೊಂದೂ ತಿಳಿಯಲಿಲ್ಲ.

“ಸಾಕು ಕಣಮ್ಮ,” ಎಂದರು ಅಂಕಲ್, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು. “ಆ ಹಾಸ್ಟೆಲಿನ ಆಯಮ್ಮನೂ ಸಾಯೋ ಮುಂಚೆ ಒಂದ್ಸಲ ಹೀಗೆ ಕಿರುಚಿದ್ರೆ ನಂಗಷ್ಟೇ ಸಾಕು.”

ಆಪರೇಷನ್ ಆದ ಒಂಬತ್ತನೆಯ ದಿನ ಅಂಕಲ್ ಹೋಗಿಬಿಟ್ಟರು.

ನಾಚಿಕೆಯಿಂದ ಅವರಿಗೆ ಒಂದು ವಿಷಯ ನಾನು ಹೇಳಿರಲೇ ಇಲ್ಲ. ಟ್ರೈನಿನಲ್ಲಿ ಅಮ್ಮನ ಫೋನ್ ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕನ್ನಡ ಮಾತಾಡುತ್ತಿದ್ದೆ. ಯಾರಾದರೂ ನೋಡಿದರೆ ಇಂಗ್ಲಿಷಿಗೆ ಹೊರಳುತ್ತಿದ್ದೆ, ಅಮ್ಮನಿಗೆ ಅರ್ಧ ತಿಳಿಯದಿದ್ದರೂ. ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದ ಮರುದಿನ ಟ್ರೈನಿನಲ್ಲಿದ್ದಾಗ ಅಮ್ಮ ಫೋನ್ ಮಾಡಿದಳು. “ಯಾಕೇ, ಧ್ವನಿ ಒಂಥರಾ ಇದೆ?”

“ನಮ್ಮ ಅಂಕಲ್ ಹೋಗ್ಬಿಟ್ರಮ್ಮಾ,” ಎಂದು ಬೋಗಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.