ನಿದ್ದೆಗೆಟ್ಟವರ ಗುಂಪಿನ ಪಾಪಯ್ಯ

ಪಾಪಯ್ಯ ಪಿಚ್ಚರ್‌ಗೆ ಮಾರ್ಕ್ಸ್ ಕೊಡುತ್ತಿದ್ದದ್ದು ಕಥೆಗೂ ಅಲ್ಲ, ನಟನೆಗೂ ಅಲ್ಲ. ರಾತ್ರಿ ಕಣ್ಣು ಮುಚ್ಚದ ಹಾಗೆ ಮಾಡಿತೋ ಇಲ್ಲವೋ, ಅಷ್ಟೇ.

ಮಳೆಗಾಲ ಬಂದರೆ ರಾಮನಾಥಪುರದ ಸುತ್ತಿನ ಊರುಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಉರಿಯತೊಡಗುತ್ತವೆ. ಎತ್ತರದ, ಕಿಟಕಿಯಿಲ್ಲದ ಮನೆ. ಒಳಗೆ ಕಡ್ಡಿಗಳಿಗೆ ಪೋಣಿಸಿದ ಹಸಿ ಸೊಪ್ಪು ಸಾಲುಸಾಲಾಗಿ ತೂಗುತ್ತಿರುತ್ತದೆ. ನೆಲದ ಮೇಲೆ ಕಬ್ಬಿಣದ ದಪ್ಪ ಕೊಳವೆಗಳು. ಹೊರಗಿನ ಒಲೆಗೆ ಸೌದೆ ನೂಕುತ್ತ ಕೊಳವೆ ಕಾಯಿಸಬೇಕು, ಗಾಜಿನ ಕಿಂಡಿಯಲ್ಲಿ ಶಾಖದ ಮುಳ್ಳು ನೋಡುತ್ತ ಏರಿಸಬೇಕು, ಇಳಿಸಬೇಕು. ಸೊಪ್ಪು ಹಣ್ಣಾಗಿ ಎಲೆ ಒಣಗುವವರೆಗೆ ಹೇಗೋ ನಡೆಯುತ್ತದೆ. ಕೊನೆಗೆ ದಂಟು ಒಣಗಿಸುವಾಗ ಮಾತ್ರ ಉರಿ ಜೋರು. ಆಗ ಒಂದೇ ಒಂದು ಎಲೆ ಕಳಚಿ ಕೊಳವೆಯ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಅದಕ್ಕೇ ಒಲೆಯ ಮುಂದೆ ಕೂತವನು ತೂಕಡಿಸುವ ಹಾಗಿಲ್ಲ.

ತೂಕಡಿಸದಿರಲೆಂದು ಬ್ಯಾರನ್ ಕಾಯುವವರು ದೆವ್ವದ ಪಿಚ್ಚರ್ ನೋಡುತ್ತಿದ್ದರು. ಮೊದಲು ಪಾಪಯ್ಯ ಒಬ್ಬನೇ ನೋಡುತ್ತಿದ್ದ. ಆಮೇಲೆ ರುದ್ರಪಟ್ಟಣದ ಕಡೆ ಇನ್ನೊಂದು ಬ್ಯಾರನ್ ಕಾಯುವ ಭೀಮ ಮೊಬೈಲಿನಲ್ಲಿ ಒಂದು ಗುಂಪು ಮಾಡಿದ. ಹೆಸರು 'ನಿದ್ದೆಗೆಟ್ಟೋರು'. ಬ್ಯಾರನ್ ಕಾಯುವವರಷ್ಟೇ ಅಲ್ಲ, ನಿದ್ದೆಗೆಡಬೇಕಾದವರೆಲ್ಲ ಒಬ್ಬೊಬ್ಬರಾಗಿ ಸೇರಿಕೊಂಡರು. ದಂಡಿಗನಹಳ್ಳಿಯಲ್ಲಿ ತೆಂಗಿಗೆ ನೀರು ಬಿಡಲು ಕರೆಂಟಿಗಾಗಿ ಕಾಯುತ್ತ ಪಂಪ್‌ಮನೆಯಲ್ಲಿ ಕೂರುವ ರುದ್ರಯ್ಯ, ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವ ಧನುಶ್ರೀ, ಇನ್ನೂ ಯಾರು ಯಾರೋ. ಎಲ್ಲರೂ ಒಂದೇ ರಾತ್ರಿ ಒಂದೇ ಪಿಚ್ಚರ್ ಹಾಕಿಕೊಳ್ಳುವುದು ಪದ್ಧತಿ. ಆದರೆ ಕೊನೆತನಕ ನೋಡುವ ಯೋಗ ಯಾರಿಗೂ ಇರುತ್ತಿರಲಿಲ್ಲ. ಕರೆಂಟ್ ಬಂದರೆ ರುದ್ರಯ್ಯ ಎದ್ದು ಓಡಬೇಕು, ಬೆಲ್ ಹೊಡೆದರೆ ಧನುಶ್ರೀ ಏಳಬೇಕು, ಭೀಮನ ಜಾಗಕ್ಕೆ ನಡುರಾತ್ರಿ ಅವನ ಅಣ್ಣ ಬಂದುಬಿಡುತ್ತಿದ್ದ. ಹಾಗಾಗಿ ಬೆಳಗಾದ ಮೇಲೆ ಕೊನೆ ಹೇಳುವುದು ಪಾಪಯ್ಯನ ಹಕ್ಕಾಗಿಬಿಟ್ಟಿತ್ತು. ಅವನು ಮಾತಾಡಿ ಕಳಿಸಿದ ದನಿ ಗುಂಪಿಗೆ ಬಂದ ಮೇಲೇ ಉಳಿದವರ ವಾದ.

"ರಕ್ತ ಅಂತೆ ರಕ್ತ! ಟೊಮೇಟೊ ಸಾಸ್ ಅದು. ನನ್ನನ್ನ ಕೇಳಿ, ದಿನಾ ನೋಡ್ತೀನಿ," ಎಂದು ಧನುಶ್ರೀ ಮೂಗು ಮುರಿಯುವಳು.

"ನೀನು ಸೂಜಿ ಚುಚ್ಚೋಳು ಕಣಮ್ಮಿ, ನಿಂಗ್ಯಾವ ದೆವ್ವ ಎದುರ್ಗೆ ಬತ್ತದೆ," ಎಂದು ರುದ್ರಯ್ಯ.

"ಲೇ, ದೆವ್ವ ಕಾಣಿಸ್ಬಾರ್ದು ಕಣ್ರಲಾ," ಎಂದು ಪಾಪಯ್ಯ. "ನಾನು ಟೆಂಟಲ್ಲಿ ಗೇಟ್ ಕಾಯ್ತಿದ್ದಾಗ ಒಂದು ಪಿಚ್ಚರ್ ಬಂದಿತ್ತು. ಬರೀ ಬಾಗ್ಲು. ಬಾಗ್ಲು ಕಿರ್ ಅನ್ನೋದು, ನಿಂತೋಗೋದು. ಜನ ಉಚ್ಚೆ ಉಯ್ಕಂಡವ್ರೆ. ಈಗಿನವ್ಕೆ ನಾಕು ಮಾರ್ಕ್ಸೂ ದಂಡ."

ಅವನ ಬಾಯಿಂದ ಹತ್ತಕ್ಕೆ ಹತ್ತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಈ ಗುಂಪಿನಲ್ಲಿ ಒಂದೂ ಮಾತಾಡದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳು ಕವನಾ. ಪಾಪಯ್ಯ ಈ ಹಂಗಾಮಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದದ್ದು ಅವಳ ಮನೆಯ ಬ್ಯಾರನ್ನನ್ನೇ. ಹಾಸನದಲ್ಲಿ ಓದಿ ಬೆಳೆದವಳು, ಮದುವೆಯಾಗಿ ಬಂದು ಎರಡನೇ ಮಳೆಗಾಲ. ಮಗಳು ಪ್ರೇಕ್ಷಾಗೆ ಇನ್ನೂ ಐದು ತಿಂಗಳು. ಮಗು ಹಾಲಿಗೆದ್ದಾಗ ಗಂಡ ಪೃಥ್ವಿರಾಜನ ಹಳೆಯ ಫೋನಿನಲ್ಲಿ ಅವಳೂ ಅದೇ ಪಿಚ್ಚರ್ ನೋಡುವಳು, ಸದ್ದು ಇಲ್ಲದಷ್ಟು ಕಡಿಮೆ ಮಾಡಿಕೊಂಡು, ಒಂದು ಕಣ್ಣು ತೊಟ್ಟಿಲ ಮೇಲಿಟ್ಟು. ಹೆದರಿಕೆ ಅವಳಿಗೆ ಹೊಸದಲ್ಲ. ಗ್ಯಾಸ್ ಆಫ್ ಮಾಡಿದೆನೋ ಎಂದು ಎದ್ದು ಹೋಗುವಳು, ಬಂದು ಮಲಗಿ ಮತ್ತೆ ಎದ್ದು ಹೋಗುವಳು. ಮಗುವಿನ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡುವಳು. "ನಮ್ಮ ಕವನಂಗೆ ಎಲ್ಲಾದ್ರಲ್ಲೂ ದೆವ್ವ," ಎಂದು ಅತ್ತೆ ಪಾರ್ವತಮ್ಮ ನೆಂಟರ ಮುಂದೆಯೇ ನಗುತ್ತಿದ್ದಳು.

ಆ ತೊಟ್ಟಿಲಿದ್ದ ಕೋಣೆಯೇ ಅವಳಿಗೆ ದೊಡ್ಡ ಚಿಂತೆ. ಒಂದು ಗೋಡೆ ಉಳಿಯುತ್ತದೆಂದು ಮಾವ ಬದುಕಿದ್ದಾಗ ಅದನ್ನು ಬ್ಯಾರನ್ನಿಗೆ ಅಂಟಿಸಿ ಕಟ್ಟಿಸಿದ್ದರು. ಮಳೆಗಾಲದಲ್ಲಿ ಇಡೀ ಮನೆ ತಣ್ಣಗೆ ಕೊರೆಯುವಾಗ ಅದೊಂದು ಕೋಣೆ ಬೆಚ್ಚಗಿರುತ್ತಿತ್ತು. ಬಾಣಂತಿಗೂ ಕೂಸಿಗೂ ಅದೇ ಸರಿ ಎಂದು ಪಾರ್ವತಮ್ಮ ತೊಟ್ಟಿಲನ್ನು ಅಲ್ಲೇ ಕಟ್ಟಿಸಿದ್ದಳು. ಬೇಡವೆಂದರೆ, "ಪೃಥ್ವೀನೂ ಅಲ್ಲೇ ಬೆಳ್ದದ್ದು, ಸುಟ್ಟೋದ್ನಾ?" ಎನ್ನುವಳು.

ಆ ದಿನ ಪಾರ್ವತಮ್ಮನ ಕಣ್ಣಿನ ಆಪರೇಷನ್ನಿಗೆಂದು ತಾಯಿಮಗ ಬೆಳಗಿನ ಬಸ್ಸಿಗೇ ಹಾಸನಕ್ಕೆ ಹೋಗಿದ್ದರು. ಬರುವುದು ಮರುದಿನ. ಅಂದು ಸಂಜೆಯಿಂದ ದಂಟು ಒಣಗಿಸುವ ಉರಿ ಏರಿಸಬೇಕಿತ್ತು. ಅವರು ಹೋದ ಮೇಲೆ ಕವನಾ ಮಗುವಿಗೆ ಎಣ್ಣೆ ಹಚ್ಚುತ್ತ ಫೋನಿನಲ್ಲಿ ಪಾಪಯ್ಯನ ದನಿ ಕೇಳಿದಳು.

ಹಿಂದಿನ ರಾತ್ರಿಯ ಪಿಚ್ಚರ್ ಒಬ್ಬ ಲಿಫ್ಟ್ ರಿಪೇರಿಯವನದು. ಹಳೆಯ ಕಟ್ಟಡ. ಲಿಫ್ಟ್ ಆಗಾಗ, ಇಲ್ಲದ ಒಂದು ಮಹಡಿಯಲ್ಲಿ ನಿಲ್ಲುತ್ತದೆ. "ಕೊನೆಗೆ ಏನಾಯ್ತದೆ ಅಂದ್ರೆ," ಪಾಪಯ್ಯ ಹೇಳುತ್ತಿದ್ದ, "ಆ ಮಾಡೀಲಿ ಬಾಗ್ಲು ತೆಗೀತದೆ ಕಣ್ರಪ್ಪ. ನೋಡುದ್ರೆ ಅವನ ಸತ್ತೋದ ಎಂಡ್ತಿ. ಯಾಕಿಷ್ಟೊತ್ತು ಅಂತಾಳೆ. ತಟ್ಟೆ ಇಡ್ತಾಳೆ. ಅವನು ಉಣ್ಣಾಕೆ ಕೂತ್ಕತಾನೆ. ಅಷ್ಟೇಯ. ಕೆಳಕ್ಕೆ ಬರಾದೇ ಇಲ್ಲ. ಏಳು ಮಾರ್ಕ್ಸು."

ಧನುಶ್ರೀ ಅಳುವ ಮುಖ ಕಳಿಸಿದ್ದಳು. ರುದ್ರಯ್ಯ, "ಭೋ ಚೆಂದಾಗೈತೆ ಪಾಪಣ್ಣ," ಎಂದಿದ್ದ.

ಕವನಾಳ ಎಣ್ಣೆಗೈ ಅಲ್ಲೇ ನಿಂತಿತು. ಆ ಪಿಚ್ಚರನ್ನು ಅವಳು ಕೊನೆತನಕ ನೋಡಿದ್ದಳು. ಅಲ್ಲಿ ಹೆಂಡತಿಯೂ ಇಲ್ಲ, ತಟ್ಟೆಯೂ ಇಲ್ಲ. ರಿಪೇರಿಯವನು ಹಗ್ಗ ಕತ್ತರಿಸುತ್ತಾನೆ, ಲಿಫ್ಟ್ ಬಿದ್ದು ಪುಡಿಯಾಗುತ್ತದೆ. ಬೆಳಿಗ್ಗೆ ಯಾರೋ ಗುಂಡಿ ಒತ್ತಿದರೆ ಅದೇ ಲಿಫ್ಟ್ ಬಂದು ನಿಲ್ಲುತ್ತದೆ, ಖಾಲಿ. ಮುಗಿಯಿತು.

ಅವಳು ಹಿಂದಿನ ದನಿಗಳನ್ನೆಲ್ಲ ಹುಡುಕಿ ಕೇಳಿದಳು. ಉಪ್ಪಿನ ಗದ್ದೆಯ ಮುದುಕಿಯ ಪಿಚ್ಚರ್. ಕನ್ನಡಿ ಮಾರುವವನದು. ಪಾಪಯ್ಯ ಹೇಳಿದ ಕೊನೆಗಳು ಅವಲ್ಲವೇ ಅಲ್ಲ. ಎಲ್ಲದರಲ್ಲೂ ಕಡೆಗೆ ಯಾರೋ ಬಾಗಿಲು ತೆಗೆದು ಊಟಕ್ಕೆ ಕರೆಯುತ್ತಿದ್ದರು.

ಹಾಗಾದರೆ ಅವನು ಕೊನೆ ನೋಡಿಯೇ ಇಲ್ಲ. ಒಲೆಯ ಮುಂದೆ ನಿದ್ದೆ ಹೋಗುತ್ತಿದ್ದಾನೆ. ಒಂದು ದಿನವಲ್ಲ, ದಿನವೂ.

 ಪೃಥ್ವಿಗೆ ಫೋನ್ ಮಾಡಿದಳು.

"ಪಾಪಯ್ಯ ನಿದ್ದೆ ಮಾಡ್ತಾನಾ?" ಅವನು ನಕ್ಕ. "ಕವನಾ, ಇಲ್ಲಿ ಅವ್ವಂಗೆ ಬಿಪಿ ಏರಿ ಕೂತಿದೆ. ನೀನು ಇನ್ನೊಂದು ಶುರು ಮಾಡ್ಬೇಡ."

"ಕೊನೆ ತಪ್ಪು ಹೇಳಿದಾನೆ ರೀ. ಲಿಫ್ಟ್ ಬೀಳುತ್ತೆ, ಹೆಂಡ್ತಿ ಬರೋದೇ ಇಲ್ಲ..."

"ಯಾವ ಲಿಫ್ಟು?"

ಹೇಳತೊಡಗಿದರೆ ತನಗೇ ಹುಚ್ಚು ಎನ್ನಿಸಿತು. ಫೋನ್ ಇಟ್ಟಳು. ಮಗುವನ್ನೆತ್ತಿಕೊಂಡು ಪಕ್ಕದ ನಾಗಲಕ್ಷ್ಮಿಯ ಮನೆಗೆ ಹೋಗಿ ಮಲಗಿಬಿಡಬಹುದು. ಆದರೆ ಬ್ಯಾರನ್? ರಾತ್ರಿ ಒಲೆಯ ಮುಂದೆ ಕೂರುವ ಆ ಮನುಷ್ಯ? ಊರಿನಲ್ಲಿ ಬಾಯಿಬಿಟ್ಟರೆ ಇನ್ನೊಂದು. ನಿದ್ದೆ ಹೋಗುವವನೆಂಬ ಮಾತು ಒಮ್ಮೆ ಹಬ್ಬಿದರೆ ಅವನನ್ನು ಯಾರೂ ಬೆಂಕಿಯ ಹತ್ತಿರ ಸೇರಿಸುವುದಿಲ್ಲ. ಬೇರೆ ಕೆಲಸ ಅವನು ಕಲಿತಿಲ್ಲ. ಮಧ್ಯಾಹ್ನವೆಲ್ಲ ಅವಳು ಕೋಣೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕೋಣೆಗೆ ತಿರುಗಿದಳು.

ಹೊತ್ತು ಇಳಿಯುವಾಗ ಪಾಪಯ್ಯ ಬಂದ. ಟವಲ್ ಕೊಡವಿ, ಸೌದೆ ಸರಿಮಾಡಿ, ಕಿಂಡಿಯಲ್ಲಿ ಇಣುಕಿದ. ಕವನಾ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಎದುರು ಹೋಗಿ ನಿಂತಳು.

"ನಿನ್ನೆ ಪಿಚ್ಚರ್ ನಾನೂ ನೋಡಿದೆ ಪಾಪಯ್ಯ."

"ಅಂಗಾ ಕವನವ್ವ? ಎಷ್ಟು ಕೊಡ್ತೀಯ?"

"ಕೊನೇಲಿ ಹೆಂಡ್ತಿ ಬರಲ್ಲ."

ಪಾಪಯ್ಯ ಒಂದು ತುಂಡು ಸೌದೆ ಎತ್ತಿ ಒಲೆಗೆ ನೂಕಿದ. ಅದು ಸರಿಯಾಗಿಯೇ ಇತ್ತು, ಆದರೂ ಮತ್ತೊಮ್ಮೆ ಒಳಕ್ಕೆ ತಳ್ಳಿದ.

"ಅವ್ರು ತೆಗ್ದಿದ್ದು ಚೆಂದಾಗಿರ್ನಿಲ್ಲ. ನಾನೇ ವಸಿ ತಿದ್ದುದೆ."

"ಹಗ್ಗ ಯಾರು ಕತ್ತರಿಸಿದ್ರು?"

"ಹಗ್ಗ..."

"ಆ ಕಟ್ಟಡದ ವಾಚ್‌ಮನ್ ಏನಾದ?"

ಅವನು ಕಿಂಡಿಯ ಕಡೆ ತಿರುಗಿ ಮತ್ತೆ ಮುಳ್ಳು ನೋಡಿದ. 

"ನಿದ್ದೆ ಬರ್ತಿದೆ ಅಂತ ಹೇಳೋಕೇನು ನಿಮಗೆ? ಈ ಗೋಡೆ ಆಚೆ ನನ್ನ ಮಗು ಮಲಗುತ್ತೆ!" ಕೂಗಬಾರದೆಂದುಕೊಂಡಿದ್ದಳು, ದನಿ ತಾನೇ ಏರಿತು. ಮಗು ಬೆಚ್ಚಿ ಮುಖ ಕಿವುಚಿತು.

"ನಿದ್ದೆ ಅಲ್ಲ ಕಣವ್ವ," ಎಂದ ಪಾಪಯ್ಯ ಮೆಲ್ಲಗೆ, ಒಲೆಯನ್ನೇ ನೋಡುತ್ತ. "ಎದ್ರಿಕೆ ಓಗ್ಬುಟ್ಟದೆ. ಮೊದ್ಲು ಅರ್ಧ ಪಿಚ್ಚರ್‌ಗೇ ನಂಗೆ ಬೆವರು ಕಿತ್ಕತಿತ್ತು. ಮನೇಲಿ ಒನ್ನಕ್ಕ ಒಬ್ಬಳೇ ಅವಳೆ, ಏನಾರ ಆದಾತೇನೋ ಅಂತ ಫೋನ್ ಮಾಡ್ತಿದ್ದೆ. ನಿಂಗೇನು ಬ್ಯಾನೆ, ಬಿದ್ಕೊಳ್ಳೋಕ್ಕೆ ಬಿಡು ಅಂತ ಬೈಯೋಳು. ಅವಳು ತೀರೋದ್ಮೇಲೆ ಯಾವ ದೆವ್ವ ಬಂದ್ರೂ ಅಷ್ಟೇಯ. ಬಂದ್ರೆ ಏನ್ ಕಿತ್ಕಂಡೋಯ್ತದೆ ನನ್ತಾವ? ಎದ್ರಿಕೆ ಇಲ್ದೋನ್ಗೆ ಕಣ್ಣು ತಾನಾಗೇ ಮುಚ್ಕತದೆ."

ಅವನ ಹೆಂಡತಿ ಹೊನ್ನಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮಣ್ಣಿಗೆ ಕವನಾಳೂ ಹೋಗಿದ್ದಳು, ತುಂಬಿದ ಬಸುರಿ ಬರಬಾರದೆಂದು ಅವಳನ್ನು ದೂರ ನಿಲ್ಲಿಸಿದ್ದರು. ಈಗ ಅವಳ ಸಿಟ್ಟು ಇಳಿದಿತ್ತು. ಆದರೆ ಹೆದರಿಕೆ ಇಷ್ಟೂ ಇಳಿದಿರಲಿಲ್ಲ. ಈ ಮನುಷ್ಯನಿಗೆ ಇಲ್ಲದ್ದು ತನಗೆ ಬೇಕಾದ್ದಕ್ಕಿಂತ ಹೆಚ್ಚಿದೆಯಲ್ಲ ಎಂದುಕೊಂಡಳು.

"ಒಳಗೆ ಬನ್ನಿ," ಎಂದಳು.

"ಉರಿ ಬುಟ್ಟು ಎಂಗವ್ವಾ..."

"ಒಂದು ನಿಮಿಷ ಬನ್ನಿ ಅಂದ್ನಲ್ಲ."

ಪಾಪಯ್ಯ ಆ ಮನೆಯ ಒಳಕೋಣೆಗೆ ಎಂದೂ ಕಾಲಿಟ್ಟಿರಲಿಲ್ಲ. ಹೊಸಿಲಲ್ಲೇ ತಡೆದು ನಿಂತವನನ್ನು ಕವನಾ ತೊಟ್ಟಿಲ ಹತ್ತಿರ ಕರೆದಳು. ತೊಟ್ಟಿಲ ಪಕ್ಕದ ಗೋಡೆಯನ್ನು ತೋರಿಸಿ, "ಮುಟ್ಟಿ," ಎಂದಳು.

ಅವನು ಅಂಗೈ ಇಟ್ಟ. ತಕ್ಷಣ ತೆಗೆದ. ಮತ್ತೆ ಇಟ್ಟ, ಈ ಸಲ ಬಹಳ ಹೊತ್ತು. ಗೋಡೆ ರೊಟ್ಟಿ ಎತ್ತಿದ ಹೆಂಚಿನ ಹಾಗೆ ಬಿಸಿಯಾಗಿತ್ತು. ದಿನಗಟ್ಟಲೆ ಆಚೆಯಿಂದ ಕಾಯಿಸಿದವನು ಈಚೆಯಿಂದ ಒಮ್ಮೆಯೂ ಮುಟ್ಟಿರಲಿಲ್ಲ. ಮಗು ಅವನ ಟವಲ್ಲಿನ ತುದಿ ಹಿಡಿದುಕೊಂಡು ಬಾಯಿಗೆ ಎಳೆಯತೊಡಗಿತು. ಪಾಪಯ್ಯ ಅದನ್ನು ಬಿಡಿಸಿಕೊಳ್ಳಲು ನೋಡಿದ, ಆಗದೆ ಟವಲ್ಲನ್ನೇ ಹೆಗಲಿನಿಂದ ಜಾರಿಸಿ ಬಿಟ್ಟುಕೊಟ್ಟ.

"ತೊಟ್ಲು ಬಿಚ್ಚು," ಎಂದ.  "ನಡುಮನೇಲಿ ಕಟ್ಟು. ಈಗ್ಲೇ ಬಿಚ್ಚವ್ವ. ಇಷ್ಟು ದಿವ್ಸ ನಾನು... ಅಯ್ಯಯ್ಯೋ."

ಓಡಿದಂತೆಯೇ ಹೊರಗೆ ಹೋದ. ಕವನಾ ಮಗುವನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿ ಹಿಂದೆಯೇ ಬಂದಾಗ, ಅವನು ಉರಿಯುತ್ತಿದ್ದ ಒಂದು ಕೊರಡನ್ನು ಅರ್ಧ ಹೊರಗೆಳೆದು ನೀರು ಚಿಮುಕಿಸಿದ್ದ. ಇನ್ನೊಂದು ಕೈಯಲ್ಲಿ ಫೋನನ್ನು ಬಾಯಿಯ ಹತ್ತಿರ ಹಿಡಿದಿದ್ದ.

"ನಾನು ಪಾಪಯ್ಯ. ನಂಗೆ ಎದ್ರಿಕೆ ಆಯ್ತಾ ಐತೆ ಕಣ್ರಪ್ಪ. ಬ್ಯಾರನ್ ಮುಂದೆ ಒಬ್ನೇ ಕೂರಾಕೆ ಆಗಲ್ಲ ನನ್ ಕೈಲಿ. ಯಾರಾರ ಬನ್ನಿ."

ಕಳಿಸಿದ. ಇಬ್ಬರೂ ಪರದೆಯನ್ನೇ ನೋಡುತ್ತ ನಿಂತರು.

ಮೊದಲು ರುದ್ರಯ್ಯ. "ಪಾಪಣ್ಣಂಗೇ ಎದ್ರಿಕೆ! ಯಾವ್ ಪಿಚ್ಚರ್ ಅದು? ಮೊದ್ಲು ಲಿಂಕ್ ಆಕು!"

"ಹತ್ತಕ್ಕೆ ಹತ್ತಾ ಅಜ್ಜ?" ಧನುಶ್ರೀ, ಹಿಂದೆಯೇ ನಗುವ ಮುಖಗಳ ಸಾಲು.

"ಅಂಗಾರೆ ನಮ್ಗೆಲ್ಲಾ ಇವತ್ತು ಜಾಗರಣೆ," ಎಂದು ಇನ್ನೊಬ್ಬ.

ಪಾಪಯ್ಯನ ಮುಖ ಸಣ್ಣಗಾಯಿತು. ಕವನಾ ತಾನೇ ಬರೆಯೋಣವೆಂದು ಫೋನಿಗೆ ಕೈ ಚಾಚಿದಳು. ಏನೆಂದು ಬರೆಯುವುದು? ನಿದ್ದೆ ಎಂದು ಬರೆದರೆ ಇವನು ಮುಗಿದ. ಬರೆಯದಿದ್ದರೆ ಯಾರೂ ಬರುವುದಿಲ್ಲ. ಗಾಜಿನ ಕಿಂಡಿಯೊಳಗೆ ಮುಳ್ಳು ಇನ್ನೂ ಇಳಿದಿರಲಿಲ್ಲ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಭೀಮ.

"ಅಣ್ಣೋ," ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಪೃಥ್ವಣ್ಣನ ಬ್ಯಾರನ್ ತಾನೆ? ನಮ್ಮಣ್ಣನ್ನ ಇಲ್ಲಿ ಕೂರ್ಸಿ ಬತ್ತೀನಿ. ಗಾಡಿ ತೆಗೀತಾ ಇವ್ನಿ. ನೀನು ನಿಂತೇ ಇರು, ಕೂರ್ಬೇಡ. ಕೂರ್ಬೇಡ ಕಣಣ್ಣ, ಕೇಳಿಸ್ತಾ?"

ಪಾಪಯ್ಯ ಫೋನನ್ನು ಕವನಾಳ ಕೈಗೆ ಕೊಟ್ಟು ಕಿಂಡಿಗೆ ಮುಖ ಒತ್ತಿದ. ಕೆಳಗಿನ ಕೊಳವೆಗಳ ಉದ್ದಕ್ಕೂ, ಒಂದೊಂದನ್ನೂ ಬಿಡದೆ, ಬಿದ್ದ ಎಲೆ ಹುಡುಕತೊಡಗಿದ.

"ಕೇಳಿಸ್ತು," ಎಂದಳು ಕವನಾ. "ನಿಂತಿದಾರೆ. ಬೇಗ ಬನ್ನಿ."