ಕೊದಾಮ ಹತ್ತದ ಕುವಾಹಾರ

ಕುವಾಹಾರ ತೆರುಮಿಚಿ ಜೀವಮಾನದಲ್ಲಿ ಮಾಡಿದ ದೊಡ್ಡ ಸಾಧನೆಯೆಂದರೆ ಬುಲೆಟ್ ರೈಲಿನಲ್ಲಿ ಕೂತದ್ದು. ಅದನ್ನು ಕಟ್ಟಿದವನು ಅವನಲ್ಲ, ಓಡಿಸಿದವನೂ ಅಲ್ಲ. ಟೋಕಿಯೊದಲ್ಲಿ ಬಾಗಿಲ ಹಿಡಿಕೆ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದು, ಪ್ರತಿ ಸೋಮವಾರ ಒಸಾಕಾಕ್ಕೆ ಹೋಗಿ ಹೊಸ ಹಿಡಿಕೆ ತೋರಿಸಿ ಬರುತ್ತಿದ್ದ, ಅಷ್ಟೆ. ಆದರೂ ಗಂಟೆಗೆ ಇನ್ನೂರೆಂಬತ್ತು ಕಿಲೋಮೀಟರ್ ಓಡುವುದು ತನ್ನದೇ ಕಾಲು ಎಂಬಂತೆ ಮಾತಾಡುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯವೂ ಬಂದಿರಲಿಲ್ಲ, ಬರೀ ಟಿಕೆಟ್ಟು.

ಆ ಹಳಿಯ ಮೇಲಿನ ರೈಲುಗಳಲ್ಲೂ ಅವನು ಜಾತಿ ಮಾಡಿದ್ದ. ದೊಡ್ಡ ಊರುಗಳಲ್ಲಷ್ಟೇ ನಿಲ್ಲುವ ನೊಜೊಮಿ ಮನುಷ್ಯರದ್ದು. ಪ್ರತಿ ನಿಲ್ದಾಣದಲ್ಲೂ ನಿಂತು, ನೊಜೊಮಿಗೆ ದಾರಿ ಬಿಟ್ಟು ಆಮೇಲೆ ಹೊರಡುವ ಕೊದಾಮ ಕಿತ್ತಳೆ ಸುಲಿಯುವ ಮುದುಕಿಯರದ್ದು. ಅದೂ ಬುಲೆಟ್ ರೈಲೇ. ಆದರೆ ಇವನ ಬಾಯಲ್ಲಿ ಅದು "ತೆವಳೋ ಗಾಡಿ". ಗ್ರಹಚಾರಕ್ಕೆ ಅವನ ಹುಟ್ಟೂರು ಕಾಕೆಗಾವಾದಲ್ಲಿ ನಿಲ್ಲುತ್ತಿದ್ದುದು ಅದೊಂದೇ.

ತಾಯಿ ಅಲ್ಲಿ ತಂಗಿ ಚಿಯೊಕೊಳ ಸಂಸಾರದ ಜೊತೆಗಿದ್ದಳು. ಆಗಾಗ ಫೋನು ಮಾಡುತ್ತಿದ್ದಳು.

"ಯಾವಾಗ ಬರ್ತೀಯೋ?"

"ನಿಮ್ಮೂರಿಗೆ ಆ ತೆವಳೋ ಗಾಡೀಲೇ ಬರ್ಬೇಕಲ್ಲಮ್ಮ. ನಂಗೆಲ್ಲಿದೆ ಟೈಮು?"

"ಸೋಮವಾರ ನಿನ್ ರೈಲು ನಮ್ಮ ಚಹಾ ತೋಟದ ಪಕ್ಕಾನೇ ಹೋಗತ್ತಲ್ಲ, ಕೈ ಬೀಸ್ತೀನಿ. ಬಲಗಡೆ ಕಿಟಕೀಲಿ ನೋಡು."

"ಆ ಸ್ಪೀಡಲ್ಲಿ ನೀನ್ ಕಾಣ್ತೀಯಾ? ಸುಮ್ನೆ ಚಳೀಲಿ ನಿಲ್ಬೇಡ."

ಅವಳು ಪ್ರತಿ ಸೋಮವಾರ ನಿಂತಳು. ಅವನು ಒಮ್ಮೆಯೂ ನೋಡಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಅವಳು ತೀರಿಕೊಂಡಳು. ಭಾನುವಾರ ಶವದ ಮುಂದೆ ಕೂರುವ ರಾತ್ರಿಗೆ ಅವನು ಆಫೀಸಿನ ನೆಪ ಹೇಳಿದ. ಹೇಳಲು ನಾಚಿಕೆಯೂ ಆಗಲಿಲ್ಲ.

"ಅಣ್ಣಾ, ನಾಳೆ ಹನ್ನೆರಡೂವರೆಗೆ ಮೂಳೆ ಆರಿಸೋದು," ಎಂದಳು ಚಿಯೊಕೊ. "ಚಿತಾಗಾರದೋರು ಕಾಯಲ್ಲ. ಮೊದಲನೇ ಮೂಳೆ ಇಬ್ರೂ ಒಟ್ಟಿಗೆ ಕಡ್ಡೀಲಿ ಹಿಡಿದು ಎತ್ತಬೇಕು. ದೊಡ್ಡ ಮಗ ನೀನು. ಅದಕ್ಕಾದ್ರೂ ಬಾ."

"ರೈಲಿನ ಟೈಮು ನಂಗೇ ಹೇಳ್ಕೊಡ್ತೀಯಾ?"

ಸೋಮವಾರ ಬೆಳಿಗ್ಗೆ ಟೋಕಿಯೊ ನಿಲ್ದಾಣಕ್ಕೆ ಬಂದ. ಫಲಕ ನೋಡಿ ರೈಲು ಹತ್ತುವವರು ಹಳ್ಳಿ ಗಮಾರರು ಎಂಬುದು ಅವನ ಸಿದ್ಧಾಂತ. ಕೊದಾಮ ಪ್ಲಾಟ್‌ಫಾರ್ಮಿನ ಆ ಬದಿಗೆ ನಿಂತಿತ್ತು. ಕಾಲು, ಇಪ್ಪತ್ತಾರು ವರ್ಷದ ರೂಢಿಯಂತೆ, ಈ ಬದಿಯ ರೈಲಿನತ್ತ ತಿರುಗಿತು. ಕಾದಿರಿಸದ ಬೋಗಿಯಲ್ಲಿ ಬಲಗಡೆ ಕಿಟಕಿಯ ಸೀಟು ಸಿಕ್ಕಿತು. ಕೂತ ಕೂಡಲೇ ನಿದ್ದೆ ಹೋದ.

ಎಚ್ಚರವಾದಾಗ ಕಿಟಕಿಯ ಗಾಜನ್ನೇ ಕನ್ನಡಿ ಮಾಡಿಕೊಂಡು ಕಪ್ಪು ಟೈ ಕಟ್ಟತೊಡಗಿದ. ಅಷ್ಟರಲ್ಲಿ ಗುಡ್ಡದ ಮೇಲೆ ಮರಗಳನ್ನು ನೆಟ್ಟು ಬರೆದ 'ಚಹಾ' ಎಂಬರ್ಥದ ದೊಡ್ಡ ಜಪಾನಿ ಅಕ್ಷರ ಕಾಣಿಸಿತು. ಊರು ಬಂತು! ಕಿಟಕಿಗೆ ಬೆನ್ನು ಹಾಕಿ, ಎದ್ದು, ಮೇಲಿನ ಬ್ಯಾಗು ಇಳಿಸಿದ. ರೈಲು ನಿಧಾನವಾಗಲಿಲ್ಲ. ತಿರುಗುವ ಹೊತ್ತಿಗೆ ನಿಲ್ದಾಣವೊಂದು ಬೂದು ಗೆರೆಯಾಗಿ ಸರಿದು ಹೋಯಿತು.

"ಒಂದ್ನಿಮಿಷ ನಿಲ್ಲಿಸೋಕಾಗಲ್ವಾ?" ಎಂದು ಕಂಡಕ್ಟರನನ್ನು ಅಂಗಲಾಚಿದ.

ಆತ ಟೋಪಿ ತೆಗೆದು ಬಾಗಿದ. "ಕ್ಷಮಿಸ್ಬೇಕು ಸಾರ್. ಮುಂದಿನ ನಿಲ್ದಾಣ ನಾಗೋಯಾ."

ನಾಗೋಯಾದಿಂದ ಹಿಂದಕ್ಕೆ ಬರಲು ಕೊದಾಮವನ್ನೇ ಹತ್ತಬೇಕಾಯಿತು. ಪಕ್ಕದಲ್ಲಿ ಒಬ್ಬ ಮುದುಕಿ, ಅವಳ ಮಡಿಲಲ್ಲಿ ಕಿತ್ತಳೆ. ಹಮಾಮಾತ್ಸುವಿನಲ್ಲಿ ರೈಲು ಐದು ನಿಮಿಷ ನಿಂತಿತು. ನೊಜೊಮಿಯೊಂದು ಬೋಗಿಯನ್ನೆಲ್ಲ ನಡುಗಿಸಿ ಹಾದುಹೋಯಿತು.

"ಯಾರಿಗೋ ಪಾಪ ತುಂಬಾ ಅವಸರ," ಎಂದು ಮುದುಕಿ ನಕ್ಕು ಎರಡು ತೊಳೆ ಕೊಟ್ಟಳು. ಅವನು ಇಸಿದುಕೊಂಡು ತಿಂದ.

ಚಿತಾಗಾರ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಮಡಕೆ ಮಡಿಲಲ್ಲಿಟ್ಟುಕೊಂಡು ಚಿಯೊಕೊ ಬೆಂಚಿನ ಮೇಲೆ ಕೂತಿದ್ದಳು.

"ಯಾರ್ ಜೊತೆ ಎತ್ತಿದೆ?"

"ಪಕ್ಕದ್ಮನೆ ಮೊಚಿಜುಕಿ ಅಜ್ಜಿ ಬಂದ್ರು. ಪಾಪ, ಕೈ ನಡುಗ್ತಿತ್ತು. ಆದ್ರೂ ಬಿಡ್ಲಿಲ್ಲ." ಅವಳು ತಲೆಯೆತ್ತಿದಳು. "ಯಾವ್ ರೈಲಲ್ಲಿ ಬಂದೆ?"

"ಮರೆತು... ನೊಜೊಮಿ ಹತ್ಬಿಟ್ಟೆ. ಒಂಬತ್ತೂವರೇದು."

ಚಿಯೊಕೊ ಮಡಕೆಗೆ ಸುತ್ತಿದ ಬಟ್ಟೆಯ ಗಂಟು ಬಿಗಿದಳು.

"ಸೋಮವಾರ ಅಲ್ವಾ ಅಂತ, ಶವದ ಗಾಡೀನ ತೋಟದ ಹತ್ರ ನಿಲ್ಸಿದ್ವಿ," ಎಂದಳು. "ಹತ್ತೂ ಮುಕ್ಕಾಲಿಗೆ ಆ ರೈಲು ಹೋಯ್ತು. ಅಮ್ಮನ ಬದ್ಲು ನಾನೇ ಕೈ ಬೀಸ್ದೆ. ಇವತ್ತೊಂದಿನ ಅಣ್ಣ ಅದ್ರಲ್ಲಿರಲ್ಲ, ಹಿಂದೆ ಬರೋ ಕೊದಾಮದಲ್ಲಿದಾನೆ ಅಂತ ಮೊಚಿಜುಕಿ ಅಜ್ಜಿಗೂ ಹೇಳ್ದೆ."

ಕುವಾಹಾರ ಕತ್ತಿಗೆ ಕೈ ಹಾಕಿ ಟೈ ಮುಟ್ಟಿ ನೋಡಿಕೊಂಡ. ಅದೊಂದು ನೆಟ್ಟಗಿತ್ತು.